ನೀರಿನಲ್ಲಿ ಬೆಳೆದ ಗಿಡಗಳನ್ನು ಮಣ್ಣಿಗೆ ಇಳಿಸಿದೆ, ಒಂದೊಂದೇ ಬಾಡುತ್ತಿವೆ

ಮಹಡಿತೋಟ (ಜುಲೈ 2)
ಎಲ್ಲರಿಗೂ ನಮಸ್ಕಾರ. ವಿಷಯ ಸ್ವಲ್ಪ ಉದ್ದವಿದೆ, ದಯವಿಟ್ಟು ಪೂರ್ತಿ ಓದಿ.

ಶಿವಮೊಗ್ಗದ ಬಾಡಿಗೆ ಮನೆಯ ಮಹಡಿಯ ಮೇಲೆ ಎರಡು ವರ್ಷ ಹೈಡ್ರೋಪೋನಿಕ್ಸ್ (ಮಣ್ಣಿಲ್ಲದೆ, ಪೋಷಕಾಂಶ ಕರಗಿಸಿದ ನೀರಿನಲ್ಲಿ ಗಿಡ ಬೆಳೆಸುವುದು) ಮಾಡಿದೆ. ಪಿವಿಸಿ ಕೊಳವೆಗಳಲ್ಲಿ 48 ರಂಧ್ರ, ಕೆಳಗೆ 100 ಲೀಟರಿನ ಡ್ರಮ್ಮು, ಒಂದು ಪುಟ್ಟ ಪಂಪು. ಗಿಡಗಳು ಚೆನ್ನಾಗಿಯೇ ಬರುತ್ತಿದ್ದವು. ಅತ್ತೆಯವರಿಗೆ ಆರೋಗ್ಯ ಸರಿಯಿಲ್ಲದ ಕಾರಣ ಈ ಜೂನ್‌ನಲ್ಲಿ ಹೊಸನಗರದ ಹತ್ತಿರದ ನಮ್ಮ ಊರಮನೆಗೆ ಬಂದೆವು. ಇಲ್ಲಿ ಮಳೆ ಹಿಡಿದರೆ ಎರಡು ದಿನ ಕರೆಂಟ್ ಇರುವುದಿಲ್ಲ. ಪಂಪು ನಿಂತರೆ ಕೊಳವೆಯೊಳಗಿನ ಬೇರು ಕೆಲವೇ ಗಂಟೆಗಳಲ್ಲಿ ಒಣಗುತ್ತದೆ. ಬೇರೆ ದಾರಿ ಕಾಣದೆ ಜೂನ್ 14ರಂದು ಎಲ್ಲವನ್ನೂ ಮಣ್ಣಿಗೆ ಇಳಿಸಿದೆ. ಟೊಮೆಟೊ ಒಂಬತ್ತು, ದೊಣ್ಣೆ ಮೆಣಸು ಆರು, ಬೇಸಿಲ್ ಐದು, ಲೆಟ್ಯೂಸ್ ನಾಲ್ಕು.

ಬೇರುಗಳನ್ನು ತೊಳೆದೆ. ಉದ್ದವಾಗಿ ಸಿಕ್ಕು ಬಿದ್ದಿದ್ದವನ್ನು ಕತ್ತರಿಸಿದೆ. ಮನೆಯ ಹಿಂದಿನ ಧರೆಯ (ಕಡಿದ ದಿಬ್ಬದ) ಕೆಂಪು ಮಣ್ಣು, ಕೊಟ್ಟಿಗೆಯ ಗೊಬ್ಬರ, ಬಚ್ಚಲ ಒಲೆಯ ಬೂದಿ ಬೆರೆಸಿ ಹತ್ತು ಲೀಟರಿನ ಚೀಲಗಳಿಗೆ ತುಂಬಿದೆ. ಮೂರು ಟೊಮೆಟೊ ಮಾತ್ರ ಹಿತ್ತಲಿನ ಹಳೆಯ ಬದನೆ ಪಾತಿಯಲ್ಲಿ ನೆಟ್ಟೆ. ಮೊದಲಿನಂತೆಯೇ ಪೋಷಕಾಂಶದ ದ್ರಾವಣವನ್ನು ದಿನ ಬಿಟ್ಟು ದಿನ ಹಾಕುತ್ತಿದ್ದೇನೆ.

ಇಂದಿಗೆ 18 ದಿನ. ನಾಲ್ಕು ಗಿಡ ಸತ್ತವು. ಕೆಲವಕ್ಕೆ ಕೆಳಗಿನ ಎಲೆ ಹಳದಿ, ಕೆಲವಕ್ಕೆ ಚಿಗುರೇ ಹಳದಿಯಾಗಿ ನರಗಳು ಮಾತ್ರ ಹಸಿರು, ಕೆಲವಕ್ಕೆ ಎಲೆಯಂಚು ಸುಟ್ಟಂತೆ. ಮಳೆ ಹೊಳವಾಗಿ ಬಿಸಿಲು ಬಂದರೆ ಸಾಕು, ಎಲ್ಲವೂ ಜೋತು ಬೀಳುತ್ತವೆ. ಮಣ್ಣು ಒದ್ದೆಯಾಗಿಯೇ ಇರುತ್ತದೆ! ಬೀಜದಿಂದ ಬೆಳೆಸಿದ ಗಿಡಗಳಿವು, ಹೀಗೆ ಸಾಯುವುದನ್ನು ನೋಡಲಾಗುತ್ತಿಲ್ಲ.

ನೀರುಬೇರು
ಮಣ್ಣು ಒದ್ದೆಯಿದ್ದರೂ ಗಿಡ ಬಾಡುವುದಕ್ಕೆ ಕಾರಣವಿದೆ. ನೀರಿನಲ್ಲಿ ಬೆಳೆದ ಬೇರು ಬೇರೆ ಬಗೆಯದು. ಅದರಲ್ಲಿ ಸಣ್ಣ ಬೇರುರೋಮಗಳು ಬಹಳ ಕಡಿಮೆ. ಕರಗಿದ ಆಹಾರ ಬಾಯಿಗೇ ಬರುತ್ತಿದ್ದಾಗ ಅವುಗಳ ಅಗತ್ಯ ಬೀಳುವುದಿಲ್ಲ. ಮಣ್ಣಿನಲ್ಲಿ ಕಣಗಳ ನಡುವೆ ಅಂಟಿಕೊಂಡಿರುವ ನೀರನ್ನು ಎಳೆಯುವುದಕ್ಕೆ ಆ ರೋಮಗಳೇ ಬೇಕು. ಹೊಸ ಬೇರು ಮೂಡುವ ತನಕ ಗಿಡ ನೀರಿನ ನಡುವೆ ನಿಂತೇ ಬಾಯಾರಿ ಸಾಯುತ್ತದೆ. ನೀವು ಇದ್ದ ಬೇರನ್ನೂ ಕತ್ತರಿಸಿದ್ದೀರಿ, ಮೇಲಿನ ಎಲೆಯನ್ನು ಹಾಗೆಯೇ ಬಿಟ್ಟಿದ್ದೀರಿ. ಈಗಲೇ ಹೂವು, ಕಾಯಿ ಎಲ್ಲ ತೆಗೆಯಿರಿ. ಎಲೆಯನ್ನೂ ಮೂರನೇ ಒಂದು ಪಾಲು ಕಡಿಮೆ ಮಾಡಿ.

ಕಾನುಮನೆ
ತಂಗೀ, ಆರಿದ್ರಾ ಮಳೆಯಲ್ಲಿ ಟೊಮೆಟೊ ನೆಡುವ ಪದ್ಧತಿ ನಮ್ಮ ಸೀಮೆಯಲ್ಲಿ ಎಂದಾದರೂ ಇತ್ತೇ? ಈ ಮಳೆಗೆ ಕೆಸು, ಹೀರೆ, ಮೊಗೆಕಾಯಿ, ಬೆಂಡೆ. ಟೊಮೆಟೊ, ಬದನೆ ಎಲ್ಲ ಭತ್ತದ ಕೊಯ್ಲು ಮುಗಿದ ಮೇಲೆ ಗದ್ದೆಯಲ್ಲಿ. ಹೈಡ್ರೋಪೋನಿಕ್ಸ್ ಗೊತ್ತಿಲ್ಲದ ನಮ್ಮ ಅಮ್ಮನಿಗೂ ಇದು ಗೊತ್ತಿತ್ತು.

ಮಹಡಿತೋಟ
ಅಣ್ಣ, ಒಪ್ಪುತ್ತೇನೆ. ಆದರೆ ಗಿಡಗಳು ಆಗಲೇ ಎದೆಯೆತ್ತರ ಬೆಳೆದಿದ್ದವು. ಮನೆ ಬಿಡುವಾಗ ಕಿತ್ತೆಸೆದು ಬರಲು ಮನಸ್ಸಾಗಲಿಲ್ಲ.

ನವುಲೆ_ಹಳೆವಿದ್ಯಾರ್ಥಿ
ಇಷ್ಟು ಲಕ್ಷಣಗಳನ್ನು ಒಂದೇ ರೋಗಕ್ಕೆ ಕಟ್ಟಬೇಡಿ. ನಿಮ್ಮ ಬರಹದಲ್ಲೇ ಕನಿಷ್ಠ ಮೂರು ಬೇರೆ ಬೇರೆ ತೊಂದರೆಗಳು ನನಗೆ ಕಾಣುತ್ತಿವೆ. ಮದ್ದು ಹುಡುಕುವ ಮೊದಲು ಇಷ್ಟನ್ನು ಮಾಡಿ ಹೇಳಿ.

ಒಂದು, ಸತ್ತ ಗಿಡದ ಬೇರನ್ನು ಎರಡು ಬೆರಳಲ್ಲಿ ಹಿಡಿದು ಎಳೆಯಿರಿ. ಹೊರಸಿಪ್ಪೆ ಜಾರಿ ಒಳಗೆ ದಾರದಂಥ ಎಳೆ ಉಳಿದರೆ, ಬೇರು ಕಂದು ಬಣ್ಣವಿದ್ದು ವಾಸನೆ ಬಂದರೆ, ಅದು ಬೇರು ಕೊಳೆ. ಪಿಥಿಯಮ್ ಎಂಬ ಶಿಲೀಂಧ್ರದಂಥ ರೋಗಾಣು ಸಾಮಾನ್ಯವಾಗಿ ಹೀಗೆಯೇ ಮಾಡುತ್ತದೆ.

ಇನ್ನೊಂದು ಬಹಳ ಮುಖ್ಯ. ಬದನೆ ಪಾತಿಯಲ್ಲಿ ಬಾಡಿದ ಟೊಮೆಟೊದ ಕಾಂಡವನ್ನು ಬುಡದ ಹತ್ತಿರ ಕತ್ತರಿಸಿ, ಗಾಜಿನ ಲೋಟದ ಶುದ್ಧ ನೀರಿನಲ್ಲಿ ತುದಿ ಮುಳುಗುವಂತೆ ಅಲುಗಾಡದೆ ಹಿಡಿಯಿರಿ. ಐದು ನಿಮಿಷದೊಳಗೆ ಹಾಲಿನ ಎಳೆಯಂತೆ ಬಿಳಿ ದ್ರವ ಇಳಿದರೆ ಅದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ. ಮಲೆನಾಡಿನ ಹುಳಿ ಮಣ್ಣಿನಲ್ಲಿ, ಈ ತೇವದಲ್ಲಿ ಇದು ತುಂಬ ಸಾಮಾನ್ಯ. ಬದನೆಗೂ ಬರುತ್ತದೆ. ಬೇರಿನ ಗಾಯದಿಂದ ಒಳಗೆ ಹೋಗುತ್ತದೆ, ನೀವು ಬೇರು ಕತ್ತರಿಸಿ ನೆಟ್ಟಿದ್ದೀರಿ.

ಕೊನೆಯದಾಗಿ, ಯಾವ ಗಿಡ ಎಲ್ಲಿದೆ ಎಂದು ಬರೆಯಿರಿ. ಮಳೆಗೆ ಒಡ್ಡಿಕೊಂಡಿದೆಯೋ, ಮಾಡಿನ ಕೆಳಗಿದೆಯೋ?

ಜಂಬಿಟ್ಟಿಗೆ
ನಾನು ಸಾಗರದವನು. ಧರೆಯ ಮಣ್ಣು ಅಂದಿರಲ್ಲ, ತೊಂದರೆ ಅಲ್ಲಿಯೇ ಇದೆ. ವರ್ಷ ವರ್ಷವೂ ಮಳೆ ತೊಳೆದು ಸುಣ್ಣದ ಅಂಶ, ಮೆಗ್ನೀಸಿಯಮ್ ಎಲ್ಲ ಹೊರಟುಹೋಗಿ ಕಬ್ಬಿಣ, ಅಲ್ಯುಮಿನಿಯಮ್ ಉಳಿದ ಮಣ್ಣು ಅದು. ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) ಐದೂವರೆಗಿಂತ ಕೆಳಗಿಳಿದರೆ ಅಲ್ಯುಮಿನಿಯಮ್ ಕರಗಿ ಬೇರಿನ ತುದಿಯನ್ನೇ ಸುಡುತ್ತದೆ. ರಂಜಕ (ಫಾಸ್ಫರಸ್) ಹಾಕಿದರೂ ಕಬ್ಬಿಣ ಅದನ್ನು ಕಟ್ಟಿಹಾಕುತ್ತದೆ. ಎಲ್ಲ ಚೀಲಕ್ಕೂ ಒಂದೊಂದು ಹಿಡಿ ಸುಣ್ಣ ಹಾಕಿ, ಸರಿಹೋಗುತ್ತದೆ.

ನವುಲೆ_ಹಳೆವಿದ್ಯಾರ್ಥಿ
@ಜಂಬಿಟ್ಟಿಗೆ, ಮಣ್ಣಿನ ಬಗ್ಗೆ ನೀವು ಹೇಳಿದ್ದು ಸರಿ, ಹಿಡಿ ಸುಣ್ಣ ಹಾಕಿ ಎಂದದ್ದು ತಪ್ಪು. ಅವರು ಆಗಲೇ ಬೂದಿ ಬೆರೆಸಿದ್ದಾರೆ. ಬೂದಿಯೂ ಹುಳಿಯನ್ನು ಮುರಿಯುತ್ತದೆ, ಸುಣ್ಣಕಲ್ಲಿನ ಪುಡಿಗಿಂತ ಬೇಗ ಮುರಿಯುತ್ತದೆ. ಅಳೆಯದೆ ಮೇಲೆ ಮೇಲೆ ಸುರಿದರೆ ಕಬ್ಬಿಣ ಸಿಗದೆ ಚಿಗುರು ಹಳದಿಯಾಗುತ್ತದೆ. ನರ ಮಾತ್ರ ಹಸಿರು ಎಂದು ಅವರು ಬರೆದದ್ದನ್ನು ಗಮನಿಸಿದಿರಾ?

ಹಿತ್ತಲಗಿಡ
ಬೂದಿಗೆ ಯಾರೂ ಹೆಸರು ಕೆಡಿಸಬೇಡಿ. ನಲವತ್ತು ವರ್ಷದಿಂದ ಹಿತ್ತಲಿಗೆ ಬಚ್ಚಲ ಬೂದಿ ಹಾಕುತ್ತಿದ್ದೇನೆ, ನನ್ನ ಬಸಳೆ, ಅಲಸಂದೆ ನೋಡಿದವರು ಬೀಜ ಕೇಳಿಕೊಂಡು ಬರುತ್ತಾರೆ.

ನವುಲೆ_ಹಳೆವಿದ್ಯಾರ್ಥಿ
ಅಮ್ಮಾ, ನಿಮ್ಮ ಬೂದಿ ಇಡೀ ಹಿತ್ತಲಿಗೆ ಹರಡುತ್ತದೆ. ಮಳೆ ಅದನ್ನು ತೊಳೆದುಕೊಂಡು ಹೋಗುತ್ತದೆ. ಇವರದು ಹತ್ತು ಲೀಟರ್ ಮಣ್ಣು ಹಿಡಿಯುವ ಚೀಲ. ಅಷ್ಟೇ ಬೂದಿ ಅಷ್ಟು ಸಣ್ಣ ಜಾಗದಲ್ಲಿ ಬಿದ್ದರೆ ಪರಿಣಾಮ ಬೇರೆ.

ಹಿತ್ತಲಗಿಡ
ಹಾಗೆ ಹೇಳಿದರೆ ಒಪ್ಪುತ್ತೇನೆ. ಚೀಲಕ್ಕೆ ನಾನು ಎಂದೂ ಹಾಕಿಲ್ಲ.

ಭದ್ರಾನಾಲೆ
ಚೀಲದ ತಳಕ್ಕೆ ಎರಡು ಅಂಗುಲ ಜಲ್ಲಿ ಹಾಕಿದ್ದರೆ ನೀರು ಬಸಿದುಹೋಗುತ್ತಿತ್ತು. ಎಲ್ಲರೂ ಮರೆಯುವುದು ಇದನ್ನೇ.

ನೀರುಬೇರು
ಜಲ್ಲಿ ಹಾಕಿದರೆ ಬಸಿಯುತ್ತದೆ ಎನ್ನುವುದು ತಪ್ಪು ನಂಬಿಕೆ, ದಯವಿಟ್ಟು ಮುಂದೆ ದಾಟಿಸಬೇಡಿ. ಸಣ್ಣ ಕಣದ ಮಣ್ಣಿನಿಂದ ದಪ್ಪ ಜಲ್ಲಿಗೆ ನೀರು ಸುಲಭವಾಗಿ ಇಳಿಯುವುದಿಲ್ಲ. ಮೇಲಿನ ಮಣ್ಣು ಪೂರ್ತಿ ನೆನೆದು ತುಂಬಿದ ಮೇಲೆಯೇ ಕೆಳಗೆ ಹನಿಯುತ್ತದೆ. ಜಲ್ಲಿ ಹಾಕಿದಷ್ಟೂ ಕೆಸರಿನ ಪದರ ಬೇರಿಗೆ ಹತ್ತಿರವಾಗುತ್ತದೆ. ಗಾಳಿ ಬೇಕಿದ್ದರೆ ಮಣ್ಣಿನೊಳಗೇ ಬೆರೆಸಬೇಕು. ಭತ್ತದ ಮಿಲ್ಲಿನಲ್ಲಿ ಸಿಗುವ ಸುಟ್ಟ ಉಮಿ ಅದಕ್ಕೆ ಬಹಳ ಒಳ್ಳೆಯದು.

ಭದ್ರಾನಾಲೆ
ನಮ್ಮ ಕಡೆ ಎಲ್ಲ ನರ್ಸರಿಗಳಲ್ಲೂ ಜಲ್ಲಿ ಹಾಕುತ್ತಾರೆ. ಎಲ್ಲರೂ ತಪ್ಪೇ?

ನೀರುಬೇರು
ಹೌದು, ಈ ವಿಷಯದಲ್ಲಿ ತಪ್ಪೇ. ಒಂದೇ ಅಳತೆಯ ಎರಡು ಕುಂಡ ತೆಗೆದುಕೊಂಡು ಒಂದಕ್ಕೆ ಜಲ್ಲಿ ಹಾಕಿ, ಒಂದಕ್ಕೆ ಹಾಕಬೇಡಿ. ನೀರು ಬಸಿದ ಮೇಲೆ ಕಡ್ಡಿ ಚುಚ್ಚಿ ಯಾವ ಎತ್ತರದಲ್ಲಿ ಕೆಸರಿದೆ ಎಂದು ನೀವೇ ನೋಡಿ.

ಕೊಪ್ಪದ_ಗಾಳಿ
ಗಿಡಗಳಿಗೆ ನೆರಳು ಪರದೆ ಕಟ್ಟಿ. ಬಿಸಿಲಿಗೆ ಬಾಡುವುದು ನಿಲ್ಲುತ್ತದೆ.

ಕಾನುಮನೆ
ಹೊಸನಗರದಲ್ಲಿ ಈ ತಿಂಗಳು ಸೂರ್ಯನ ಮುಖ ಕಾಣುವುದೇ ಅಪರೂಪ, ಅದರ ಮೇಲೆ ಪರದೆಯೇ? ಗಿಡ ಬೆಳಕಿಲ್ಲದೆ ಸಣಕಲಾಗಿ ಉದ್ದವಾಗುತ್ತದೆ. ಬೇಕಾದದ್ದು ಮಳೆ ತಡೆಯುವ ಪಾರದರ್ಶಕ ಹಾಳೆ, ನಾಲ್ಕೂ ಬದಿ ತೆರೆದಿರಬೇಕು. ಅಡಿಕೆ ಒಣಗಿಸುವ ಚಪ್ಪರಕ್ಕೆ ಕಟ್ಟುವಂಥದ್ದು ಮನೆಯಲ್ಲಿ ಇದ್ದೇ ಇರುತ್ತದೆ. ಹೊಳವಾದ ದಿನ ಮಧ್ಯಾಹ್ನಕ್ಕೆ ಮಾತ್ರ ಎರಡು ಸೋಗೆ ಮೇಲೆ ಎಸೆದರೆ ಸಾಕು.

ತೋಟದಲ್ಲಾದರೂ ಅಷ್ಟೇ, ಬಸಿಗಾಲುವೆ ಹೂತುಹೋದರೆ ಮರ ಹಳದಿಯಾಗುತ್ತದೆ. ಹಿಡಿಮುಂಡಿಗೆ (ತುದಿಯ ಸೋಗೆಗಳು ಗಿಡ್ಡವಾಗಿ ಮುದುಡುವ ತೊಂದರೆ) ಬಂದ ಅಡಿಕೆ ಮರಕ್ಕೂ ಗೊಬ್ಬರಕ್ಕಿಂತ ಮೊದಲು ಕಾಲುವೆ ಬಿಡಿಸಿ ನೀರು ಇಳಿಸುತ್ತೇವೆ. ಬೇರಿಗೆ ಉಸಿರಾಡಲು ಜಾಗ ಬೇಕು.

ನೀರುಬೇರು
ಕಾನುಮನೆಯವರ ಮಾತಿಗೆ ಒಂದು ಸೇರ್ಪಡೆ. ನೀರಿನಲ್ಲಿ ಬೇರು ಬದುಕುವುದೂ ಗಾಳಿಯಿಂದಲೇ. ಕೊಳವೆಯಲ್ಲಿ ತೆಳುವಾಗಿ ಹರಿಯುವ ನೀರು ಆಮ್ಲಜನಕವನ್ನು ಹೊತ್ತು ತರುತ್ತಿರುತ್ತದೆ. ನಿಂತ ಕೆಸರಿನಲ್ಲಿ ಅದು ಇಲ್ಲ. ‘ನೀರಿನಲ್ಲೇ ಬೆಳೆದ ಗಿಡ ತಾನೇ, ಎಷ್ಟು ನೀರಾದರೂ ತಡೆಯುತ್ತದೆ’ ಎಂದು ತುಂಬ ಜನ ತಿಳಿದಿದ್ದಾರೆ. ನಾನೂ ಮೊದಲ ವರ್ಷ ಹಾಗೆ ನಂಬಿ ಹನ್ನೆರಡು ಗಿಡ ಕಳೆದುಕೊಂಡೆ.

ನವುಲೆ_ಹಳೆವಿದ್ಯಾರ್ಥಿ
@ಮಹಡಿತೋಟ, ನಿಮ್ಮ ಬಳಿ ಹೈಡ್ರೋಪೋನಿಕ್ಸ್‌ನ ಪಿಎಚ್ ಪೆನ್ನು, ಲವಣದ ಪ್ರಮಾಣ ತೋರಿಸುವ ಇಸಿ ಪೆನ್ನು ಇರಬೇಕಲ್ಲ? ಅದರಿಂದಲೇ ಮಣ್ಣನ್ನೂ ಅಳೆಯಬಹುದು. 20 ಗ್ರಾಂ ಒಣಮಣ್ಣಿಗೆ 50 ಮಿಲಿ ಡಿಸ್ಟಿಲ್ಡ್ ನೀರು, ಅಂದರೆ ಒಂದಕ್ಕೆ ಎರಡೂವರೆ ಪಾಲು. ಅರ್ಧ ಗಂಟೆ ಆಗಾಗ ಕಲಕಿ, ಆಮೇಲೆ ಪೆನ್ನು ಅದ್ದಿ. ಪ್ರಯೋಗಾಲಯಗಳಲ್ಲೂ ಇದೇ ಅಳತೆ. ಧರೆಯ ಬರಿಯ ಮಣ್ಣನ್ನೂ ಚೀಲದ ಮಣ್ಣನ್ನೂ ಬೇರೆ ಬೇರೆ ಅಳೆಯಿರಿ. ಇಸಿ 1ರ ಒಳಗಿದ್ದರೆ ಚಿಂತೆಯಿಲ್ಲ. ಮುಂದೆ ಪೂರ್ತಿ ಮಣ್ಣು ಪರೀಕ್ಷೆ ಬೇಕೆಂದರೆ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ.

ಮಹಡಿತೋಟ (ಜುಲೈ 5)
ಎಲ್ಲ ಮಾಡಿದೆ. ಇಷ್ಟು ಸ್ಪಷ್ಟವಾಗಿ ಉತ್ತರ ಬರುತ್ತದೆ ಎಂದುಕೊಂಡಿರಲಿಲ್ಲ. ಗಿಡಗಳನ್ನು ಜಾಗದ ಲೆಕ್ಕದಲ್ಲಿ ನೋಡಿದಾಗಲೇ ಅರ್ಧ ಅರ್ಥವಾಯಿತು.

ಅಂಗಳದ ಅಂಚಿನಲ್ಲಿ ಸಾಲಾಗಿ ಇಟ್ಟ ಆರು ಟೊಮೆಟೊ ಚೀಲಗಳ ಮೇಲೆ ಹೆಂಚಿನ ಮಾಡಿನ ನೀರು ನೇರವಾಗಿ ಸುರಿಯುತ್ತಿತ್ತು. ಕೆಳಗಿನ ಎಲೆ ಹಳದಿಯಾದದ್ದು ಇವಕ್ಕೇ. ಸತ್ತ ಎರಡರ ಬೇರು ಎಳೆದರೆ ಸಿಪ್ಪೆ ಜಾರಿ ಕೈಗೆ ಬಂತು, ಕೆಟ್ಟ ವಾಸನೆ. ಚೀಲದ ತೂತು ಕೂಡ ಮಣ್ಣಿನಿಂದ ಮುಚ್ಚಿಹೋಗಿತ್ತು.

ಜಗಲಿಯ ಮೇಲೆ ಮಳೆ ಬೀಳದ ಜಾಗದಲ್ಲಿ ಇರುವುದು ದೊಣ್ಣೆ ಮೆಣಸು ಮತ್ತು ಬೇಸಿಲ್. ಅಲ್ಲಿಯ ಚೀಲದಲ್ಲಿ ಪಿಎಚ್ 7.9, ಇಸಿ 2.4. ಧರೆಯ ಬರಿಯ ಮಣ್ಣಿನ ಪಿಎಚ್ 5.2! ಬೂದಿ ಮತ್ತು ನಾನು ದಿನ ಬಿಟ್ಟು ದಿನ ಸುರಿದ ದ್ರಾವಣ ಎರಡೂ ಅಲ್ಲೇ ಉಳಿದುಕೊಂಡಿವೆ. ಎಲೆಯಂಚು ಸುಟ್ಟಿದ್ದು, ಚಿಗುರು ಹಳದಿಯಾದದ್ದು, ಒಂದು ಬೇಸಿಲ್ ಸತ್ತದ್ದು ಇಲ್ಲಿಯೇ. ಇನ್ನೊಂದು ವಿಷಯ, ಕೊಟ್ಟಿಗೆಯ ಗೊಬ್ಬರ ಪೂರ್ತಿ ಕಳಿತದ್ದಲ್ಲ ಎಂದು ಅತ್ತೆಯವರು ಈಗ ಹೇಳುತ್ತಿದ್ದಾರೆ. ಚೀಲದ ಮಣ್ಣಿಗೆ ಕೈ ಹಾಕಿದರೆ ಬೆಚ್ಚಗಿದೆ.

ಬದನೆ ಪಾತಿಯ ಮೂರರಲ್ಲಿ ಒಂದು ಮೊದಲೇ ಸತ್ತಿತ್ತು. ಇನ್ನೊಂದು ಹಸಿರಾಗಿರುವಾಗಲೇ ಎರಡು ದಿನದಲ್ಲಿ ಪೂರ್ತಿ ಜೋತು ಬಿತ್ತು. ಲೋಟದ ಪರೀಕ್ಷೆ ಮಾಡಿದೆ. ಎರಡು ನಿಮಿಷವೂ ಆಗಿರಲಿಲ್ಲ, ಬಿಳಿ ಎಳೆ ಇಳಿಯತೊಡಗಿತು. ನನ್ನ ಮಗಳೂ ನೋಡಿದಳು.

ನವುಲೆ_ಹಳೆವಿದ್ಯಾರ್ಥಿ
ಬಹಳ ಚೆನ್ನಾಗಿ ಅಳೆದು ಬರೆದಿದ್ದೀರಿ. ಈಗ ಒಂದೊಂದಕ್ಕೂ ದಾರಿ ಬೇರೆ.

ಪಾತಿಯ ಮೂರೂ ಟೊಮೆಟೊಗಳನ್ನು ಬೇರು ಸಮೇತ ತೆಗೆದು ಸುಟ್ಟುಬಿಡಿ, ಗೊಬ್ಬರದ ಗುಂಡಿಗೆ ಹಾಕಬೇಡಿ. ಸೊರಗು ರೋಗಕ್ಕೆ ಔಷಧಿ ಇಲ್ಲ, ಯಾರಾದರೂ ಮಾರಿದರೆ ಕೊಳ್ಳಬೇಡಿ. ಆ ಪಾತಿಯಲ್ಲಿ ಕೆಲವು ವರ್ಷ ಟೊಮೆಟೊ, ಬದನೆ, ಮೆಣಸು, ಆಲೂಗಡ್ಡೆ ಬೇಡ. ಮುಸುಕಿನ ಜೋಳ, ಅಲಸಂದೆ ಹಾಕಿ. ಅಲ್ಲಿ ಬಳಸಿದ ಗುದ್ದಲಿ, ಕತ್ತರಿ ತೊಳೆಯದೆ ಬೇರೆ ಗಿಡಕ್ಕೆ ತಾಗಿಸಬೇಡಿ. ಪಾತಿಯ ನೀರು ಚೀಲಗಳ ಕಡೆ ಹರಿಯದಂತೆ ನೋಡಿಕೊಳ್ಳಿ.

ಜಗಲಿಯ ಚೀಲಗಳಿಗೆ ದ್ರಾವಣ ಇಂದೇ ನಿಲ್ಲಿಸಿ. ಮಳೆನೀರು ಹಿಡಿದು, ಚೀಲದ ಎರಡರಷ್ಟು ನೀರು ನಿಧಾನವಾಗಿ ಹೊಯ್ದು ಪೂರ್ತಿ ಬಸಿಯಲು ಬಿಡಿ. ಲವಣ ಇಳಿಯುತ್ತದೆ. ಬೂದಿ ತಂದ ಪಿಎಚ್ ಅಷ್ಟು ಬೇಗ ಇಳಿಯುವುದಿಲ್ಲ, ಹಾಗಾಗಿ ಹೊಸ ಮಣ್ಣಿಗೆ ಬದಲಿಸುವುದೇ ಮೇಲು.

ಆಗುಂಬೆ_ಹನಿ
ಮಣ್ಣು ಬದಲಿಸುವುದಾದರೆ ನಾನು ಮಾಡುವ ಮಿಶ್ರಣ ಹೇಳುತ್ತೇನೆ. ಧರೆಯ ಮಣ್ಣು ಒಂದು ಪಾಲು, ತೆಂಗಿನ ನಾರಿನ ಪುಡಿ ಒಂದು ಪಾಲು, ಸುಟ್ಟ ಉಮಿ ಒಂದು ಪಾಲು, ಪೂರ್ತಿ ಕಳಿತು ಮಣ್ಣಿನ ವಾಸನೆ ಬರುವ ಗೊಬ್ಬರ ಅರ್ಧ ಪಾಲು. ಹತ್ತು ಲೀಟರಿಗೆ ಎರಡು ಟೀ ಚಮಚ ಡಾಲಮೈಟ್ (ಮೆಗ್ನೀಸಿಯಮ್ ಇರುವ ಸುಣ್ಣಕಲ್ಲಿನ ಪುಡಿ), ಅಳೆದು ನೋಡಿಯೇ. ನೆಡುವುದಕ್ಕೆ ಎರಡು ವಾರ ಮೊದಲು ಕಲಸಿಟ್ಟರೆ ಒಳ್ಳೆಯದು. ಗೊಬ್ಬರವನ್ನು ನೆಡುವ ಹೊತ್ತಿಗೆ ಬೆರೆಸಿ, ಡಾಲಮೈಟ್ ಜೊತೆಗೇ ಬೇಡ.

ಆದರೆ ಹಳೆಯ ಗಿಡದ ಆಸೆ ಬಿಡಿ. ಟೊಮೆಟೊದ ಕಂಕುಳ ಚಿಗುರು (ಎಲೆ ಮತ್ತು ಕಾಂಡದ ಸಂದಿಯಲ್ಲಿ ಬರುವುದು) ಮುರಿದು ಒದ್ದೆ ಉಮಿಯಲ್ಲಿ ಚುಚ್ಚಿದರೆ ಹತ್ತು ಹನ್ನೆರಡು ದಿನದಲ್ಲಿ ಬೇರು ಬಿಡುತ್ತದೆ. ಆ ಬೇರು ಹುಟ್ಟುವಾಗಲೇ ಮಣ್ಣಿಗೆ ಒಗ್ಗಿ ಹುಟ್ಟುತ್ತದೆ. ಬೇಸಿಲ್ ಕೂಡ ಹಾಗೆಯೇ. ತಾಯಿಗಿಡವನ್ನು ಉಳಿಸುವುದಕ್ಕಿಂತ ಇದು ಸುಲಭ. ಬೇರು ಕೊಳೆ ಬಂದ ಗಿಡದ ಮೇಲ್ಭಾಗದ ಚಿಗುರು ಆರೋಗ್ಯವಾಗಿದ್ದರೆ ಸಾಕು, ಸೊರಗು ರೋಗದ ಗಿಡದಿಂದ ಮಾತ್ರ ಮುಟ್ಟಬೇಡಿ.

ಹಿತ್ತಲಗಿಡ
ಬೇಸಿಲ್ ಎಂದರೆ ನಮ್ಮ ಕಾಮಕಸ್ತೂರಿಯ ಜಾತಿಯೇ ಅಲ್ಲವೇ? ಅದಕ್ಕೆ ಇಷ್ಟು ಆರೈಕೆ ಬೇಕೇ?

ನೀರುಬೇರು
ಹೌದು ಅಮ್ಮ, ಅದೇ ಜಾತಿ, ತಳಿ ಬೇರೆ. ಲೆಟ್ಯೂಸ್ ವಿಷಯ ಯಾರೂ ಹೇಳಲಿಲ್ಲ. ಅರ್ಧ ಬೆಳೆದ ಲೆಟ್ಯೂಸನ್ನು ಮಣ್ಣಿಗೆ ಇಳಿಸುವುದು ವ್ಯರ್ಥ ಶ್ರಮ, ಕಿತ್ತು ಊಟಕ್ಕೆ ಬಳಸಿಬಿಡಿ.

ಭದ್ರಾನಾಲೆ
ಬೋರ್ಡೋ ದ್ರಾವಣ ಬುಡಕ್ಕೆ ಹಾಕಿದರೆ ಬೇರು ಕೊಳೆ ನಿಲ್ಲುವುದಿಲ್ಲವೇ? ಅಡಿಕೆಯ ಕೊಳೆಗೆ ಹೊಡೆಯುತ್ತೇವಲ್ಲ, ಶೇಕಡ 1ರದು.

ಕಾನುಮನೆ
ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಅದು ಮರದ ಗೊನೆಗೆ, ರೋಗ ಬರುವ ಮೊದಲೇ ಹೊಡೆಯುವಂಥದ್ದು. ನೀರು ನಿಂತ ಚೀಲದಲ್ಲಿ ಸತ್ತ ಬೇರನ್ನು ಯಾವ ಮೈಲುತುತ್ತವೂ ಬದುಕಿಸುವುದಿಲ್ಲ. ಅದರ ಬದಲು ಕಳಿತ ಗೊಬ್ಬರದಲ್ಲಿ ಟ್ರೈಕೋಡರ್ಮಾ (ರೋಗಾಣುಗಳನ್ನು ತಡೆಯುವ ಶಿಲೀಂಧ್ರ) ಬೆಳೆಸಿ ಹೊಸ ಮಣ್ಣಿಗೆ ಹಾಕಿ. ಎರಡನ್ನೂ ಒಟ್ಟಿಗೆ ಮಾಡಬೇಡಿ, ತಾಮ್ರ ಟ್ರೈಕೋಡರ್ಮಾಕ್ಕೂ ಶತ್ರು.

ಜಂಬಿಟ್ಟಿಗೆ
ಹಿಡಿ ಸುಣ್ಣದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. 7.9 ಎಂದು ಓದಿ ಗಾಬರಿಯಾಯಿತು. ಇನ್ನೊಂದು ಎಚ್ಚರಿಕೆ: ಹೊಸ ಮಣ್ಣನ್ನು ಶುಂಠಿ ಬೆಳೆದ ಜಾಗದಿಂದ ತರಬೇಡಿ. ನಮ್ಮೂರಲ್ಲಿ ಶುಂಠಿ ಕೊಳೆತ ಹೊಲದ ಮಣ್ಣು ತಂದವರ ಬದನೆ ಪೂರ್ತಿ ಹೋಯಿತು. ಎರಡಕ್ಕೂ ಒಂದೇ ರೋಗ.

ನವುಲೆ_ಹಳೆವಿದ್ಯಾರ್ಥಿ
ಒಂದೇ ಕುಲದ ದುಂಡಾಣು, ಆದರೆ ಶುಂಠಿಗೆ ಬರುವ ಬಗೆ, ಟೊಮೆಟೊಗೆ ಬರುವ ಬಗೆ ಎಂದು ಭೇದಗಳಿವೆ. ಶುಂಠಿ ಕೊಳೆಯುವುದಕ್ಕೆ ಪಿಥಿಯಮ್ ಕೂಡ ಕಾರಣ. ನಿಮ್ಮ ಎಚ್ಚರಿಕೆಗೆ ನನ್ನ ಪೂರ್ಣ ಒಪ್ಪಿಗೆ ಇದೆ.

ಕೊಪ್ಪದ_ಗಾಳಿ
ಇಷ್ಟೆಲ್ಲ ಓದಿದ ಮೇಲೆ ಅನಿಸುವುದು, ಹೈಡ್ರೋಪೋನಿಕ್ಸ್ ಎಂಬುದೇ ನಮಗೆ ಬೇಡ. ಮಣ್ಣಿನ ಟೊಮೆಟೊದ ರುಚಿ ಅದಕ್ಕೆಲ್ಲಿ ಬರಬೇಕು?

ನೀರುಬೇರು
ಇದನ್ನು ಒಪ್ಪಲಾರೆ. ರುಚಿ ತಳಿಯ ಮೇಲೆ, ಹಣ್ಣನ್ನು ಗಿಡದಲ್ಲೇ ಮಾಗಲು ಬಿಡುವುದರ ಮೇಲೆ ನಿಂತಿದೆ. ಶಿವಮೊಗ್ಗದ ಮಹಡಿಯಲ್ಲಿ ಮಣ್ಣಿನ ಭಾರ ಹೊರಲಾರದ ಮನೆಗಳೆಷ್ಟೋ ಇವೆ. ಅವರು ಸೊಪ್ಪು ಬೆಳೆಯಬಾರದೇ? ಎರಡು ವರ್ಷ ಆ ಮನೆಯ ಮಕ್ಕಳು ತಾವೇ ಬೆಳೆದ ಸೊಪ್ಪು ತಿಂದಿದ್ದಾರೆ, ಅದು ಸಣ್ಣ ಮಾತಲ್ಲ.

ಕಾನುಮನೆ
ಅದೂ ನಿಜ. ಪೆನ್ನು ಅದ್ದಿ ಅಳೆಯುವ ಅಭ್ಯಾಸ ನೀರಿನಿಂದಲೇ ಬಂದದ್ದು. ನಮ್ಮ ತೋಟದ ಮಣ್ಣನ್ನು ನಾನೇ ಹತ್ತು ವರ್ಷದಿಂದ ಪರೀಕ್ಷೆ ಮಾಡಿಸಿಲ್ಲ. ಈ ವಾರ ಕೊಡುತ್ತೇನೆ.

ಮಹಡಿತೋಟ (ಆಗಸ್ಟ್ 4)
ಒಂದು ತಿಂಗಳ ಸುದ್ದಿ. ಅಂಗಳದ ನಾಲ್ಕು ಟೊಮೆಟೊಗಳಲ್ಲಿ ಮೂರು ಹೋದವು, ಒಂದು ಉಳಿದಿದೆ. ಹೋಗುವ ಮೊದಲು ಅವುಗಳಿಂದ ಹನ್ನೊಂದು ಚಿಗುರು ಮುರಿದು ಉಮಿಯಲ್ಲಿ ಇಟ್ಟಿದ್ದೆ, ಎಂಟು ಬೇರು ಬಿಟ್ಟಿವೆ. ಆಶ್ಲೇಷ ಮಳೆ ಜೋರಾಗಿ ಹೊಡೆಯುತ್ತಿದೆ, ಅವು ಹಾಳೆಯ ಚಪ್ಪರದಡಿ ನೆಟ್ಟಗೆ ನಿಂತಿವೆ.

ದೊಣ್ಣೆ ಮೆಣಸಿನ ಮಣ್ಣು ಬದಲಿಸಿದೆ. ಒಂಬತ್ತು ದಿನ ಏನೂ ಆಗಲಿಲ್ಲ. ಎಲೆಗಳು ಉದುರಿದವು, ಕಡ್ಡಿ ಮಾತ್ರ ಉಳಿಯಿತು. ಕಿತ್ತುಬಿಡೋಣ ಎಂದು ಹೋದಾಗ ಗೆಣ್ಣಿನಲ್ಲಿ ಸಾಸಿವೆಯಷ್ಟು ಹಸಿರು ಕಂಡಿತು. ಈಗ ಆರರಲ್ಲಿ ಐದು ಚಿಗುರಿವೆ, ಹೊಸ ಎಲೆ ಪೂರ್ತಿ ಹಸಿರು. ಹೊಸ ಮಿಶ್ರಣದ ಪಿಎಚ್ 6.3, ಇಸಿ 0.6. ಬೇಸಿಲ್ ನಾಲ್ಕರಿಂದ ತುಂಡು ಮಾಡಿ ಹದಿನಾರಾಗಿವೆ.

ನವುಲೆ_ಹಳೆವಿದ್ಯಾರ್ಥಿ
ತುಂಬ ಸಂತೋಷವಾಯಿತು. ಕೊಯ್ಲಾದ ಮೇಲೆ ಗದ್ದೆಗೆ ಟೊಮೆಟೊ ಹಾಕುವುದಾದರೆ ಸೆಪ್ಟೆಂಬರ್ ಕೊನೆಗೆ ಬೀಜ ಹಾಕಿ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ‘ಅರ್ಕಾ ರಕ್ಷಕ್’ ಸೊರಗು ರೋಗವನ್ನು ತಡೆದುಕೊಳ್ಳುವ ತಳಿ, ಎಲೆಮುದುಡು ನಂಜು ಮತ್ತು ಎಲೆಚುಕ್ಕೆ ಅಂಗಮಾರಿಯನ್ನೂ ತಡೆಯುತ್ತದೆ. ಕಸಿ ಕಟ್ಟುವ ಕೈ ಇದ್ದರೆ ಸೊರಗು ರೋಗ ತಡೆಯುವ ಸುಂಡೆ ಗಿಡದ (ಬದನೆಯ ಕಾಡು ಸಂಬಂಧಿ) ಬುಡಕ್ಕೆ ಟೊಮೆಟೊ ಕಸಿ ಮಾಡಿಯೂ ನೋಡಬಹುದು.

ಕಾನುಮನೆ
ಸುಂಡೆ ನಮ್ಮ ಬೇಲಿಯಲ್ಲಿ ಬೇಕಾದಷ್ಟಿದೆ. ಕಾಳುಮೆಣಸಿಗೆ ಕಸಿ ಕಟ್ಟುವ ಹುಡುಗ ಊರಲ್ಲೇ ಇದ್ದಾನೆ, ಅಕ್ಟೋಬರ್‌ನಲ್ಲಿ ಕರೆದುಕೊಂಡು ಬರುತ್ತೇನೆ ತಂಗೀ.

ಹಿತ್ತಲಗಿಡ
ಹದಿನಾರು ಬೇಸಿಲ್ ಇದೆ ಎಂದಿರಿ. ನನಗೆ ಎರಡು ಸಿಗಬಹುದೇ? ನಾನು ಸಾಗರದಲ್ಲಿದ್ದೇನೆ. ಬದಲಿಗೆ ಕೆಂಪು ಬಸಳೆ ಬೀಜ ಕೊಡುತ್ತೇನೆ.

ಮಹಡಿತೋಟ
ಖಂಡಿತ ಅಮ್ಮ. ಭಾನುವಾರ ನಮ್ಮವರು ಸಾಗರಕ್ಕೆ ಬರುತ್ತಾರೆ. ಅಡಿಕೆ ಹಾಳೆಯಲ್ಲಿ ಸುತ್ತಿ ಮೂರು ಗಿಡ ಕಳುಹಿಸುತ್ತೇನೆ. ಬೂದಿ ಮಾತ್ರ ಹಾಕಬೇಡಿ.